ದೇವೀರಜ್ಜಿ ಕಾರಿನ ಸುಳ್ಳು ಮುಳ್ಳು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಕಾಲು ಮಡಚಿ ಕೂತ್ಕೊಳ್ಳಿ. ಮಧ್ಯೆ ಮಧ್ಯೆ ಹ್ಞೂಂ ಅನ್ನಿ. ಹ್ಞೂಂ ಅನ್ನದಿದ್ದರೆ ಈ ಕಥೆಯ ಕಾರು ಮುಂದಕ್ಕೆ ಹೋಗೋದಿಲ್ಲ.

ತಾವರೆಗುಡ್ಡ ಅಂತ ಒಂದು ಊರು. ಗುಡ್ಡದ ಮೇಲೆ ಊರು. ಗುಡ್ಡದ ಕೆಳಗೆ ಕೆರೆ. ಕೆರೆಯ ಆಚೆ ರೈಲು ಸ್ಟೇಷನ್ನು.

ಆ ಊರಲ್ಲಿ ದೇವೀರಜ್ಜಿ ಇದ್ದಳು. ದೇವೀರಜ್ಜಿಗೆ ಒಂದು ಕಾರು ಇತ್ತು. ಹಳೇ ಕಾರು. ತುಂಬಾ ತುಂಬಾ ಹಳೇ ಕಾರು. ಅದಕ್ಕೆ ಕಪ್ಪೆಯ ಕಣ್ಣಿನಂಥ ದೀಪ. ಆನೆಯ ಕಿವಿಯಂಥ ಮಡ್‌ಗಾರ್ಡು. ಹಿಂದೆ ಗುಡಾಣದಂಥ ಹೊಟ್ಟೆ. ಅದಕ್ಕೇ ಊರವರೆಲ್ಲ ಆ ಕಾರನ್ನು ಗುಡಾಣ ಅಂತಲೇ ಕರೆಯುತ್ತಿದ್ದರು. ಅಜ್ಜಿ ಕಚ್ಚೆ ಹಾಕಿ, ಕನ್ನಡಕ ಏರಿಸಿ, ಗುಡಾಣವನ್ನು ತಾನೇ ಓಡಿಸುತ್ತಿದ್ದಳು.

ಗುಡಾಣದೊಳಗೆ, ಸ್ಟೀರಿಂಗಿನ ಮುಂದೆ, ಒಂದು ಗುಂಡು ಗಾಜು. ಗಾಜಿನೊಳಗೆ ಒಂದು ಕೆಂಪು ಮುಳ್ಳು. ಗಡಿಯಾರಕ್ಕೆ ಇರುತ್ತಲ್ಲ, ಅಂಥ ಮುಳ್ಳು. ಹೊಟ್ಟೆಯಲ್ಲಿ ಪೆಟ್ರೋಲ್ ತುಂಬಿದರೆ ಮುಳ್ಳು ಏಳುತ್ತಿತ್ತು. ಪೆಟ್ರೋಲ್ ಮುಗಿದರೆ ಮುಳ್ಳು ಮಲಗುತ್ತಿತ್ತು. ಏಳುತ್ತಿತ್ತು, ಮಲಗುತ್ತಿತ್ತು. ಏಳುತ್ತಿತ್ತು, ಮಲಗುತ್ತಿತ್ತು.

ಒಂದು ದಿನ ಮಲಗಿತು. ಮಲಗಿದ್ದು ಮಲಗಿಯೇಬಿಟ್ಟಿತು.

ಅಜ್ಜಿ ಪೆಟ್ರೋಲ್ ಹಾಕಿಸಿದಳು. ಮುಳ್ಳು ಖಾಲಿ ಅಂತು. ಇನ್ನಷ್ಟು ಹಾಕಿಸಿದಳು. ಮುಳ್ಳು ಖಾಲಿ ಅಂತು. ಇನ್ನೂ ಒಂದಷ್ಟು ಹಾಕಿಸಿದಳು. ಗೊಳಗೊಳ ಗೊಳಗೊಳ ಅಂತ ಪೆಟ್ರೋಲ್ ಉಕ್ಕಿ ಅಜ್ಜಿಯ ಚಪ್ಪಲಿ ಮೇಲೆ ಸುರಿಯಿತು. ಮುಳ್ಳು ಆಗಲೂ ಖಾಲಿ ಅಂತು.

ಸುಳ್ಳು ಮುಳ್ಳು, ಸುಳ್ಳು ಮುಳ್ಳು, ಇನ್ನು ನಿನ್ನ ಮಾತು ಕೇಳಲ್ಲ ಅಂತ ಅಜ್ಜಿ ಗಾಜಿಗೆ ಬೈದಳು. ಮುಳ್ಳು ಸುಮ್ಮನೆ ಮಲಗಿತ್ತು.

ಅದಾಗಿ ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ಅಜ್ಜಿಗೆ ಫೋನ್ ಬಂತು. ಫೋನಿನಲ್ಲಿ ಅಜ್ಜಿಯ ಅಕ್ಕ, ಹೊನ್ನಕ್ಕ. ಸಾಯಂಕಾಲದ ರೈಲಿಗೆ ಬರ್ತಾ ಇದ್ದೀನಿ ಅಂದಳು. ಹೊನ್ನಕ್ಕ ಮದುವೆಯಾಗಿ ಗಂಡನ ಮನೆಗೆ ಹೋದದ್ದು ಇದೇ ಗುಡಾಣದಲ್ಲಿ. ಆಮೇಲೆ ಅವಳು ಅದರಲ್ಲಿ ಕೂತೇ ಇರಲಿಲ್ಲ.

"ಗುಡಾಣ ತಂದರೆ ಇಳೀತೀನಿ, ದೇವೀರಿ," ಅಂದಳು ಹೊನ್ನಕ್ಕ. "ತರದಿದ್ದರೆ ಕೂತ ಸೀಟಿನಿಂದ ಏಳೋದೇ ಇಲ್ಲ. ಅದೇ ರೈಲಲ್ಲಿ ಮುಂದಕ್ಕೆ ಹೋಗಿಬಿಡ್ತೀನಿ."

ಹೊನ್ನಕ್ಕ ಅಂದರೆ ಅಂದ ಹಾಗೆ ಮಾಡುವವಳು. ದೇವೀರಜ್ಜಿಗೆ ಗೊತ್ತಿತ್ತು.

ಅಜ್ಜಿಗೆ ಕುಣಿಯೋ ಹಾಗಾಯಿತು. ಅಕ್ಕನಿಗೆ ಮಲ್ಲಿಗೆ ತರೋಣ ಅಂತ ಕಾರು ಹತ್ತಿದಳು. ಮುಳ್ಳು ಖಾಲಿ ಅಂತು. ಸುಳ್ಳು ಮುಳ್ಳು, ನಿನ್ನನ್ನು ಯಾರು ನಂಬ್ತಾರೆ ಅಂದಳು ಅಜ್ಜಿ. ಹೊರಟೇಬಿಟ್ಟಳು.

ಕಾರು ಬುರ್‍ರ್‍ರ್ ಅಂತು. ಬುರ್‍ರ್ ಅಂತು. ಬುರ್ ಅಂತು. ಬು ಅಂತು. ಅಷ್ಟೇ.

ಆ ದಿನ ಮುಳ್ಳು ನಿಜ ಹೇಳಿತ್ತು.

ಗುಡ್ಡದ ಇಳಿಜಾರು. ನಿಂತ ಕಾರು ನಿಲ್ಲಲಿಲ್ಲ. ಉರುಳಿತು, ಉರುಳಿತು, ಉರುಳುರುಳಿ ಹೋಗಿ ಗುಡ್ಡದ ಬುಡದಲ್ಲಿ ಫಕ್ರು ಮೇಸ್ತ್ರಿಯ ಗ್ಯಾರೇಜಿನ ಮುಂದೆ ನಿಂತಿತು.

ಫಕ್ರು ಮೇಸ್ತ್ರಿ ಕಾರು ರಿಪೇರಿ ಮಾಡುವವನು. ಅವನು ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿದ. ಒಳಗಿನಿಂದ ಒಂದು ತಂತಿ ಎಳೆದ. ತಂತಿಯ ತುದಿಗೆ ಒಂದು ಬೆಂಡು. ಪೆಟ್ರೋಲ್ ಏರಿದರೆ ಬೆಂಡು ತೇಲಬೇಕು. ಬೆಂಡು ತೇಲಿದರೆ ಮುಳ್ಳು ಏಳಬೇಕು. ಆದರೆ ಈ ಬೆಂಡು ಹಳೇದು. ಪೆಟ್ರೋಲ್ ಕುಡಿದು ಕುಡಿದು ಭಾರವಾಗಿ ತಳ ಸೇರಿತ್ತು. ಮೇಸ್ತ್ರಿ ಮುಟ್ಟಿದ. ಚಹಾದಲ್ಲಿ ಅದ್ದಿದ ಬನ್ನಿನ ಹಾಗೆ ಬೆಂಡು ಪುಡಿಪುಡಿಯಾಗಿ ಉದುರಿತು.

ಬೆಂಡು ಇಲ್ಲದೆ ಟ್ಯಾಂಕಿನ ತೂತು ಮುಚ್ಚೋ ಹಾಗಿಲ್ಲ, ಮುಚ್ಚಿದರೆ ಮುಳ್ಳು ಮತ್ತೆ ಸುಳ್ಳು ಹೇಳುತ್ತೆ. ತೂತು ಮುಚ್ಚದೆ ಪೆಟ್ರೋಲ್ ಹಾಕೋ ಹಾಗಿಲ್ಲ. ಹೊಸ ಬೆಂಡು ತನ್ನ ಹತ್ತಿರ ಇಲ್ಲ, ಕೆರೆಯ ಹತ್ತಿರ ಗಂಗಯ್ಯನ ಬಲೆಯಲ್ಲಿ ಉಂಟು ಅಂದ ಮೇಸ್ತ್ರಿ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟಪ್ಪ ಟಪ್ಪ, ಟಪ್ಪ ಟಪ್ಪ, ಚಪ್ಪಲಿ ಬಡೀತಾ ಕೆರೆಗೆ ಹೋದಳು.

ಗಂಗಯ್ಯ ಮೀನು ಹಿಡಿಯುವವನು. ಕೆರೆಯ ದಂಡೆ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಎದುರಿಗೆ ಅವನ ಬಲೆ ಬಿದ್ದಿತ್ತು. ಬಲೆಯ ಅಂಚಿಗೆ ಸಾಲಾಗಿ ಬೆಂಡು.

"ಗಂಗಯ್ಯ, ಗಂಗಯ್ಯ, ಒಂದು ಬೆಂಡು ಕೊಡಪ್ಪ.
ಬೆಂಡು ಸಿಕ್ಕರೆ ಮುಳ್ಳು ಏಳುತ್ತೆ.
ಮುಳ್ಳು ಎದ್ದರೆ ಕಾರು ಓಡುತ್ತೆ.
ಕಾರು ಓಡಿದರೆ ಅಕ್ಕ ಬರ್ತಾಳೆ."

ಗಂಗಯ್ಯ ಬಲೆ ಎತ್ತಿ ತೋರಿಸಿದ. ಬಲೆಯಲ್ಲಿ ದೊಡ್ಡ ತೂತು. ಎಮ್ಮೆಯೊಂದು ಹೊಕ್ಕು ಹೊರಟು ಹೋಗಿತ್ತು. ಬೆಂಡು ತೆಗೆದರೆ ಬಲೆ ಇನ್ನಷ್ಟು ಬಿಚ್ಚುತ್ತೆ, ಮೊದಲು ಬಲೆ ಕೂಡಬೇಕು, ಅದಕ್ಕೆ ನೂಲು ಬೇಕು, ನೂಲು ರುದ್ರಮ್ಮ ಕಳಿಸ್ತಿದ್ದಳು, ಇವತ್ತು ಕಳಿಸಿಲ್ಲ ಅಂದ.

ಮೇಸ್ತ್ರಿ ಬೆಂಡು ಕೇಳ್ತಾನೆ. ಗಂಗಯ್ಯ ನೂಲು ಕೇಳ್ತಾನೆ. ಅಜ್ಜಿ ಏನು ಮಾಡ್ತಾಳೆ?

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟಪ್ಪ ಟಪ್ಪ, ಟಪ್ಪ ಟಪ್ಪ, ಗುಡ್ಡ ಹತ್ತಿದಳು.

ಗುಡ್ಡದ ಅರ್ಧದಲ್ಲಿ ರುದ್ರಮ್ಮನ ಮನೆ. ರುದ್ರಮ್ಮ ಸೀರೆ ನೇಯುವವಳು. ದಿನಾ ಅವಳ ಮಗ್ಗ ಲಟಕ್ ಪಟಕ್, ಲಟಕ್ ಪಟಕ್ ಅನ್ನುತ್ತಿತ್ತು. ಇವತ್ತು ಸದ್ದೇ ಇಲ್ಲ.

"ರುದ್ರಮ್ಮ, ರುದ್ರಮ್ಮ, ಒಂದು ಉಂಡೆ ನೂಲು ಕೊಡಮ್ಮ.
ನೂಲು ಸಿಕ್ಕರೆ ಬಲೆ ಕೂಡುತ್ತೆ.
ಬಲೆ ಕೂಡಿದರೆ ಬೆಂಡು ಸಿಗುತ್ತೆ.
ಬೆಂಡು ಸಿಕ್ಕರೆ ಮುಳ್ಳು ಏಳುತ್ತೆ.
ಮುಳ್ಳು ಎದ್ದರೆ ಕಾರು ಓಡುತ್ತೆ.
ಕಾರು ಓಡಿದರೆ ಅಕ್ಕ ಬರ್ತಾಳೆ."

ರುದ್ರಮ್ಮನ ಮುಖ ಸಪ್ಪಗಿತ್ತು. ಮಗ್ಗದ ಮೇಲೆ ಹಸಿರು ಸೀರೆ. ಗೇಣುದ್ದ ಸೆರಗು ಮಾತ್ರ ಬಾಕಿ. ಸೀರೆ ಮುಗಿದು ಮಗ್ಗದಲ್ಲಿ ಉಳಿದ ನೂಲೆಲ್ಲ ಗಂಗಯ್ಯನಿಗೇ. ಆದರೆ ನೂಲಿಗೆ ಗಂಜಿ ಬೇಕು. ಗಂಜಿ ಕುಡಿಯದ ನೂಲು ಪಟ್ ಅಂತ ಹರಿಯುತ್ತೆ. ಹೋಟೆಲಿನ ಸುಬ್ಬರಾಯರು ದಿನಾ ಗಂಜಿ ಕಳಿಸ್ತಿದ್ದರು, ಇವತ್ತು ಕಳಿಸಿಲ್ಲ ಅಂದಳು ರುದ್ರಮ್ಮ.

ಮೇಸ್ತ್ರಿ ಬೆಂಡು ಕೇಳ್ತಾನೆ. ಗಂಗಯ್ಯ ನೂಲು ಕೇಳ್ತಾನೆ. ರುದ್ರಮ್ಮ ಗಂಜಿ ಕೇಳ್ತಾಳೆ. ಅಜ್ಜಿ ಏನು ಮಾಡ್ತಾಳೆ?

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟಪ್ಪ ಟಪ್ಪ, ಟಪ್ಪ ಟಪ್ಪ, ಇನ್ನೂ ಮೇಲೆ ಹತ್ತಿದಳು.

ಪೇಟೆ ಬೀದಿಯಲ್ಲಿ ಸುಬ್ಬರಾಯರ ಹೋಟೆಲು. ಬೇರೆ ದಿನ ಅಲ್ಲಿ ಚಟಪಟ, ಸುಂಯ್ ಸುಂಯ್, ಘಮಘಮ. ಇವತ್ತು ಬೆಂಚಿನ ಮೇಲೆ ಬೆಕ್ಕು ಮಲಗಿತ್ತು. ಬೆಕ್ಕಿನ ಪಕ್ಕ ಸುಬ್ಬರಾಯರೂ ಮಲಗಿದ್ದರು.

"ಸುಬ್ಬರಾಯರೇ, ಸುಬ್ಬರಾಯರೇ, ಒಂದು ತಂಬಿಗೆ ಗಂಜಿ ಕೊಡಿ.
ಗಂಜಿ ಸಿಕ್ಕರೆ ಮಗ್ಗ ಆಡುತ್ತೆ.
ಮಗ್ಗ ಆಡಿದರೆ ನೂಲು ಸಿಗುತ್ತೆ.
ನೂಲು ಸಿಕ್ಕರೆ ಬಲೆ ಕೂಡುತ್ತೆ.
ಬಲೆ ಕೂಡಿದರೆ ಬೆಂಡು ಸಿಗುತ್ತೆ.
ಬೆಂಡು ಸಿಕ್ಕರೆ ಮುಳ್ಳು ಏಳುತ್ತೆ.
ಮುಳ್ಳು ಎದ್ದರೆ ಕಾರು ಓಡುತ್ತೆ.
ಕಾರು ಓಡಿದರೆ ಅಕ್ಕ ಬರ್ತಾಳೆ."

ಸುಬ್ಬರಾಯರು ಎದ್ದು ಕೂತು ಪಂಚೆ ಸರಿಮಾಡಿಕೊಂಡರು. ಅಕ್ಕಿ ತೊಳೆದು ಇಟ್ಟಾಗಿದೆ, ನೀರು ಇಟ್ಟಾಗಿದೆ, ಒಲೆಗೆ ಸೌದೆಯೇ ಇಲ್ಲ ಅಂದರು. ಬೋರಣ್ಣ ದಿನಾ ಕತ್ತೆ ಮೇಲೆ ಸೌದೆ ಕಳಿಸ್ತಿದ್ದ. ಇವತ್ತು ಸೌದೆಯೂ ಇಲ್ಲ, ಕತ್ತೆಯೂ ಇಲ್ಲ. ಒಲೆ ಉರೀದೆ ಗಂಜಿ ಎಲ್ಲಿಂದ ಬರಬೇಕು?

ಮೇಸ್ತ್ರಿ ಬೆಂಡು ಕೇಳ್ತಾನೆ. ಗಂಗಯ್ಯ ನೂಲು ಕೇಳ್ತಾನೆ. ರುದ್ರಮ್ಮ ಗಂಜಿ ಕೇಳ್ತಾಳೆ. ಸುಬ್ಬರಾಯರು ಸೌದೆ ಕೇಳ್ತಾರೆ. ಅಜ್ಜಿ ಏನು ಮಾಡ್ತಾಳೆ?

ಅಜ್ಜಿ ಆಕಾಶ ನೋಡಿದಳು. ಸೂರ್ಯ ನೆತ್ತಿ ದಾಟಿದ್ದ. ಅಜ್ಜಿಗೆ ರೈಲಿನ ಸೀಟು ಕಾಣಿಸಿತು. ಸೀಟಿನಲ್ಲಿ ಅಲ್ಲಾಡದೆ ಕೂತ ಹೊನ್ನಕ್ಕ ಕಾಣಿಸಿದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟಪ್ಪಟಪ್ಪ ಟಪ್ಪಟಪ್ಪ, ಗುಡ್ಡದ ತುದಿಗೇ ಹತ್ತಿದಳು.

ಗುಡ್ಡದ ತುದಿಯಲ್ಲಿ ಬೋರಣ್ಣನ ಸೌದೆ ಡಿಪೋ. ಅಲ್ಲಿ ಸೌದೆಯ ರಾಶಿ. ರಾಶಿ ಮುಂದೆ ಬೋರಣ್ಣ. ಬೋರಣ್ಣನ ಕೈಯಲ್ಲಿ ಬೆಲ್ಲ.

"ಬೋರಣ್ಣ, ಬೋರಣ್ಣ, ಒಂದು ಹೊರೆ ಸೌದೆ ಕಳಿಸಪ್ಪ.
ಸೌದೆ ಹೋದರೆ ಒಲೆ ಉರಿಯುತ್ತೆ.
ಒಲೆ ಉರಿದರೆ ಗಂಜಿ ಸಿಗುತ್ತೆ.
ಗಂಜಿ ಸಿಕ್ಕರೆ ಮಗ್ಗ ಆಡುತ್ತೆ.
ಮಗ್ಗ ಆಡಿದರೆ ನೂಲು ಸಿಗುತ್ತೆ.
ನೂಲು ಸಿಕ್ಕರೆ ಬಲೆ ಕೂಡುತ್ತೆ.
ಬಲೆ ಕೂಡಿದರೆ ಬೆಂಡು ಸಿಗುತ್ತೆ.
ಬೆಂಡು ಸಿಕ್ಕರೆ ಮುಳ್ಳು ಏಳುತ್ತೆ.
ಮುಳ್ಳು ಎದ್ದರೆ ಕಾರು ಓಡುತ್ತೆ.
ಕಾರು ಓಡಿದರೆ ಅಕ್ಕ ಬರ್ತಾಳೆ."

ಬೋರಣ್ಣ ಪಾಪ, ಕೊಡಲ್ಲ ಅನ್ನಲಿಲ್ಲ. ಬೇಕಾದಷ್ಟು ತಗೊಂಡು ಹೋಗು ಅಜ್ಜಿ ಅಂದ. ಅಜ್ಜಿ ಒಂದು ಸೌದೆ ಎತ್ತಿದಳು. ಸೊಂಟ ಚಟಕ್ ಅಂತು. ಸೌದೆ ಕೆಳಗಿಟ್ಟಳು.

ಬೋರಣ್ಣನಿಗೋ ಮೊಣಕಾಲು ನೋವು. ಹೊರೆ ಹೊರಬೇಕಾದದ್ದು ಕತ್ತೆ. ಕತ್ತೆಯ ಹೆಸರು ಸುಂದರಿ. ಸುಂದರಿ ಬೆಳಿಗ್ಗೆಯಿಂದ ಮಲಗಿದೆ. ಬೋರಣ್ಣ ಬೆಲ್ಲ ಕೊಟ್ಟ. ಸುಂದರಿ ಬೆಲ್ಲ ತಿಂದಿತು, ಮಲಗಿತು. ಹುಲ್ಲು ಕೊಟ್ಟ. ಹುಲ್ಲು ತಿಂದಿತು, ಮಲಗಿತು. ಹಿಂದಿನಿಂದ ತಳ್ಳಿದ. ಸುಂದರಿ ಬಾಲ ಬೀಸಿ ಬೋರಣ್ಣನ ಪೇಟ ಬೀಳಿಸಿತು, ಮಲಗಿತು.

ಅಜ್ಜಿ ಅಂಗಳಕ್ಕೆ ಹೋದಳು. ಅಂಗಳದಲ್ಲಿ ಒಂದು ತೊಟ್ಟಿಲು. ತೊಟ್ಟಿಲ ಕೆಳಗೆ ಸುಂದರಿ. ತೊಟ್ಟಿಲ ಒಳಗೆ ಬೋರಣ್ಣನ ಮೊಮ್ಮಗಳು, ಪುಟಾಣಿ ಪಾಪು. ಪಾಪು ಅಳುತ್ತಿತ್ತು. ಹ್ಯಾಂ ಹ್ಯಾಂ ಹ್ಯಾಂ.

"ಸುಂದರಿ, ಸುಂದರಿ, ಎದ್ದೇಳೇ ತಾಯಿ.
ನೀನು ಎದ್ದರೆ ಸೌದೆ ಹೋಗುತ್ತೆ.
ಸೌದೆ ಹೋದರೆ ಒಲೆ ಉರಿಯುತ್ತೆ.
ಒಲೆ ಉರಿದರೆ ಗಂಜಿ ಸಿಗುತ್ತೆ.
ಗಂಜಿ ಸಿಕ್ಕರೆ ಮಗ್ಗ ಆಡುತ್ತೆ.
ಮಗ್ಗ ಆಡಿದರೆ ನೂಲು ಸಿಗುತ್ತೆ.
ನೂಲು ಸಿಕ್ಕರೆ ಬಲೆ ಕೂಡುತ್ತೆ.
ಬಲೆ ಕೂಡಿದರೆ ಬೆಂಡು ಸಿಗುತ್ತೆ.
ಬೆಂಡು ಸಿಕ್ಕರೆ ಮುಳ್ಳು ಏಳುತ್ತೆ.
ಮುಳ್ಳು ಎದ್ದರೆ ಕಾರು ಓಡುತ್ತೆ.
ಕಾರು ಓಡಿದರೆ ಅಕ್ಕ ಬರ್ತಾಳೆ."

ಸುಂದರಿ ಒಂದು ಕಿವಿ ಅಲ್ಲಾಡಿಸಿತು. ತೊಟ್ಟಿಲು ನೋಡಿತು. ಅಜ್ಜಿಯನ್ನು ನೋಡಿತು. ಮತ್ತೆ ತೊಟ್ಟಿಲು ನೋಡಿತು. ಏಳಲಿಲ್ಲ.

ಅಜ್ಜಿಗೆ ಅರ್ಥವಾಯಿತು. ಕತ್ತೆಗೆ ಪಾಪುವಿನ ಮೇಲೆ ಪ್ರಾಣ. ಅಳುವ ಪಾಪುವನ್ನು ಬಿಟ್ಟು ಅದು ಎಲ್ಲಿಗೂ ಹೋಗೋದಿಲ್ಲ.

ಪಾಪುವಿಗೆ ಮೊದಲ ಹಲ್ಲು ಬರ್ತಾ ಇತ್ತು. ಅಮ್ಮ ಎತ್ತಿ ಆಡಿಸಿದರೂ ಅಳು. ಗಿಲಕಿ ಕೊಟ್ಟರೂ ಅಳು. ಪಾಪುವಿನ ಅಮ್ಮನಿಗೂ ಇನ್ನೇನು ಅಳು ಬರುವ ಹಾಗಿತ್ತು.

ಮೇಸ್ತ್ರಿ ಬೆಂಡು ಕೇಳ್ತಾನೆ. ಗಂಗಯ್ಯ ನೂಲು ಕೇಳ್ತಾನೆ. ರುದ್ರಮ್ಮ ಗಂಜಿ ಕೇಳ್ತಾಳೆ. ಸುಬ್ಬರಾಯರು ಸೌದೆ ಕೇಳ್ತಾರೆ. ಬೋರಣ್ಣ ಕತ್ತೆ ಏಳಬೇಕು ಅಂತಾನೆ. ಕತ್ತೆ ಪಾಪು ನಗಬೇಕು ಅನ್ನುತ್ತೆ. ಪಾಪು ಏನೂ ಅನ್ನಲ್ಲ. ಪಾಪು ಹ್ಯಾಂ ಅನ್ನುತ್ತೆ.

ಅಜ್ಜಿಗೆ ಹೋಗಲಿಕ್ಕೆ ಇನ್ನು ಯಾರ ಮನೆಯೂ ಉಳಿದಿರಲಿಲ್ಲ. ತೊಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಪಾಪು, ಪಾಪು, ಒಂದೇ ಒಂದು ಸಲ ನಗು ಕಂದ.
ನೀನು ನಕ್ಕರೆ ಕತ್ತೆ ಏಳುತ್ತೆ.
ಕತ್ತೆ ಎದ್ದರೆ ಸೌದೆ ಹೋಗುತ್ತೆ.
ಸೌದೆ ಹೋದರೆ ಒಲೆ ಉರಿಯುತ್ತೆ.
ಒಲೆ ಉರಿದರೆ ಗಂಜಿ ಸಿಗುತ್ತೆ.
ಗಂಜಿ ಸಿಕ್ಕರೆ ಮಗ್ಗ ಆಡುತ್ತೆ.
ಮಗ್ಗ ಆಡಿದರೆ ನೂಲು ಸಿಗುತ್ತೆ.
ನೂಲು ಸಿಕ್ಕರೆ ಬಲೆ ಕೂಡುತ್ತೆ.
ಬಲೆ ಕೂಡಿದರೆ ಬೆಂಡು ಸಿಗುತ್ತೆ.
ಬೆಂಡು ಸಿಕ್ಕರೆ ಮುಳ್ಳು ಏಳುತ್ತೆ.
ಮುಳ್ಳು ಎದ್ದರೆ ಕಾರು ಓಡುತ್ತೆ.
ಕಾರು ಓಡಿದರೆ ಅಕ್ಕ ಬರ್ತಾಳೆ."

ಪಾಪು ಹ್ಯಾಂ ಅಂತು. ಇನ್ನೂ ಜೋರಾಗಿ ಹ್ಯಾಂ ಅಂತು.

ಅಜ್ಜಿಗೆ ಸುಸ್ತು. ಅಜ್ಜಿಗೆ ಬಾಯಾರಿಕೆ. ಅಜ್ಜಿಗೆ ಗಾಬರಿ. ಮತ್ತೆ ಮೊದಲಿಂದ ಹೇಳೋಣ ಅಂತ ಶುರುಮಾಡಿದಳು. ಬೇಗ ಬೇಗ ಹೇಳಿದಳು. ಒಂದೇ ಉಸಿರಲ್ಲಿ ಹೇಳಿದಳು. ನಾಲಿಗೆ ತೊಡರಿತು. ತಲೆ ಗಿರ್ ಅಂತು. ಎಲ್ಲಾ ಕಲಸುಮೇಲೋಗರವಾಯಿತು.

"ಪಾಪು, ಪಾಪು, ಕತ್ತೆ ನಕ್ಕರೆ ನೀನು ಸೌದೆ ಹೊರ್ತೀಯ.
ನೀನು ಸೌದೆ ಹೊತ್ತರೆ ಸುಬ್ಬರಾಯರು ಕುದೀತಾರೆ.
ಸುಬ್ಬರಾಯರು ಕುದಿದರೆ ಗಂಜಿ ಸೀರೆ ಉಡುತ್ತೆ.
ಗಂಜಿ ಸೀರೆ ಉಟ್ಟರೆ ರುದ್ರಮ್ಮ ಲಟಕ್ ಪಟಕ್ ಅಂತಾಳೆ.
ರುದ್ರಮ್ಮ ಲಟಕ್ ಅಂದರೆ ಮೀನು ಗಂಗಯ್ಯನನ್ನು ಹಿಡಿಯುತ್ತೆ.
ಮೀನು ಹಿಡಿದರೆ ಮೇಸ್ತ್ರಿ ತೇಲ್ತಾನೆ.
ಮೇಸ್ತ್ರಿ ತೇಲಿದರೆ ಅಕ್ಕ ಬುರ್‍ರ್ ಅಂತ ಓಡ್ತಾಳೆ.
ಅಕ್ಕ ಓಡಿದರೆ ಕಾರು ರೈಲಲ್ಲಿ ಬರುತ್ತೆ."

ಪಾಪು ಹ್ಯಾಂ ಅನ್ನಲು ಬಾಯಿ ತೆರೆದದ್ದು ಹಾಗೇ ಇತ್ತು. ಅಜ್ಜಿಯ ಮುಖ ನೋಡಿತು. ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು.

"ಲಟಕ್ ಪಟಕ್," ಅಂದಳು ಅಜ್ಜಿ, ಮೆಲ್ಲಗೆ.

ಪಾಪು ನಕ್ಕಿತು.

ಕಿಲಕಿಲ ನಕ್ಕಿತು. ಕೇಕೆ ಹಾಕಿ ನಕ್ಕಿತು. ಕಾಲು ಬಡಿದು ನಕ್ಕಿತು. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಹಲ್ಲು ಕಾಣಿಸಿತು. ಅಮ್ಮ ನಕ್ಕಳು. ಬೋರಣ್ಣ ನಕ್ಕ. ಅಜ್ಜಿ ನಗುತ್ತಾ ನಗುತ್ತಾ ಹಿಂದಕ್ಕೆ ಉರುಳಿ ಹುಲ್ಲಿನ ಮೇಲೆ ಬಿದ್ದಳು.

ಪಾಪು ನಕ್ಕಿತಾ? ಕತ್ತೆ ಎದ್ದಿತು. ಮೈ ಕೊಡವಿ ನಿಂತಿತು.

ಕತ್ತೆ ಎದ್ದಿತಾ? ಬೋರಣ್ಣ ಹೊರೆ ಹೇರಿದ. ಸುಂದರಿ ಗುಡ್ಡ ಇಳಿಯಿತು. ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಪಾಪುವನ್ನು ಎತ್ತಿಕೊಂಡು ಕುಂಟುತ್ತಾ ಬೋರಣ್ಣ. ಗುಡ್ಡ ಹತ್ತುವಾಗ ಟಪ್ಪ ಟಪ್ಪ, ಇಳಿಯುವಾಗ ಟಪಟಪಟಪಟಪ.

ಸೌದೆ ಬಂತಾ? ಸುಬ್ಬರಾಯರು ಒಲೆ ಹೊತ್ತಿಸಿದರು. ಧಗಧಗ ಉರಿ. ಕೊತಕೊತ ಕುದಿ. ಅನ್ನ ಬಸಿದರು. ಬಿಸಿ ಬಿಸಿ ಗಂಜಿ ತಂಬಿಗೆಗೆ ಬಿತ್ತು. ಅಕ್ಕ ಬರೋದನ್ನು ತಾವೂ ನೋಡಬೇಕು ಅಂತ ಸುಬ್ಬರಾಯರು ತಂಬಿಗೆ ಹಿಡಿದು ಹೊರಟರು. ಗಂಜಿಯ ವಾಸನೆ ಹಿಡಿದು ಬೆಕ್ಕೂ ಹೊರಟಿತು.

ಗಂಜಿ ಬಂತಾ? ರುದ್ರಮ್ಮ ನೂಲಿಗೆ ಗಂಜಿ ಸವರಿದಳು. ಗಾಳಿ ಬಂತು, ಗಂಜಿ ಒಣಗಿತು. ಲಟಕ್ ಪಟಕ್, ಲಟಕ್ ಪಟಕ್, ಮಗ್ಗ ಆಡಿತು. ಸದ್ದು ಕೇಳಿ ಪಾಪು ಮತ್ತೆ ನಕ್ಕಿತು. ಗೇಣುದ್ದ ಸೆರಗು ಮುಗಿಯಿತು. ಉಳಿದ ನೂಲು ಸುತ್ತಿ ರುದ್ರಮ್ಮ ಉಂಡೆ ಮಾಡಿದಳು. ಉಂಡೆ ಅಜ್ಜಿಯ ಕೈಗೆ ಕೊಟ್ಟು ತಾನೂ ಹೊರಟಳು.

ನೂಲು ಬಂತಾ? ಗಂಗಯ್ಯ ಬಲೆ ಮಡಿಲಿಗೆ ಎಳೆದುಕೊಂಡ. ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ಎಮ್ಮೆ ಹೊಕ್ಕ ತೂತು ನಾಯಿಯಷ್ಟಾಯಿತು. ನಾಯಿಯಷ್ಟು ತೂತು ಇಲಿಯಷ್ಟಾಯಿತು. ಇಲಿಯಷ್ಟು ತೂತು ಇಲ್ಲವೇ ಇಲ್ಲ. ಬಲೆ ಕೂಡಿತು. ಗಂಗಯ್ಯ ಅಂಚಿನಿಂದ ಒಂದು ಬೆಂಡು ಬಿಚ್ಚಿದ. ಹಗುರ ಬೆಂಡು, ಒಣ ಬೆಂಡು, ಒಳ್ಳೇ ಬೆಂಡು.

ಬೆಂಡು ಬಂತಾ? ಫಕ್ರು ಮೇಸ್ತ್ರಿ ಅದಕ್ಕೆ ಅರಗು ಹಚ್ಚಿದ. ಅರಗು ಹಚ್ಚಿದ ಬೆಂಡು ಪೆಟ್ರೋಲ್ ಕುಡಿಯೋದಿಲ್ಲ, ಮುಳುಗೋದೂ ಇಲ್ಲ. ಆದರೆ ಅರಗು ಒಣಗಬೇಕು. ಸೂರ್ಯ ಕೆರೆಯ ಕಡೆ ಬಾಗಿದ್ದ.

ಅಜ್ಜಿ ಉಫ್ ಅಂದಳು. ಮೇಸ್ತ್ರಿ ಉಫ್ ಅಂದ. ಗಂಗಯ್ಯ ಉಫ್ ಅಂದ. ರುದ್ರಮ್ಮ ಉಫ್ ಅಂದಳು. ಸುಬ್ಬರಾಯರು ಉಫ್ ಅಂದರು. ಬೋರಣ್ಣ ಉಫ್ ಅಂದ. ಸುಂದರಿ ಕಿವಿ ಬೀಸಿತು. ಪಾಪು ಥೂಫ್ ಅಂತು, ಎಲ್ಲರ ಮುಖಕ್ಕೂ ಜೊಲ್ಲು ಹಾರಿತು. ನೀವೂ ಊದಿ. ಉಫ್.

ಅರಗು ಒಣಗಿತು. ಮೇಸ್ತ್ರಿ ತಂತಿಯ ತುಕ್ಕು ಉಜ್ಜಿದ. ತುದಿಗೆ ಬೆಂಡು ಸಿಕ್ಕಿಸಿದ. ಟ್ಯಾಂಕಿನೊಳಗೆ ಇಳಿಸಿದ. ಮುಚ್ಚಳ ಹಾಕಿ ಬಿಗಿದ. ಡಬ್ಬದಲ್ಲಿದ್ದ ಪೆಟ್ರೋಲ್ ಸುರಿದ. ಗೊಳಗೊಳ, ಗೊಳಗೊಳ.

ಅಜ್ಜಿ ಸ್ಟೀರಿಂಗಿನ ಮುಂದೆ ಕೂತಳು. ಕೀಲಿ ತಿರುಗಿಸಿದಳು. ಗಾಜಿಗೆ ಮೂಗು ತಾಗಿಸಿ ನೋಡಿದಳು.

ಮುಳ್ಳು ಮಲಗಿತ್ತು.

ಎಲ್ಲರೂ ಕಿಟಕಿಯಿಂದ ತಲೆ ತೂರಿಸಿ ನೋಡಿದರು. ಪಾಪು ಕೂಡ ಕತ್ತು ಚಾಚಿ ನೋಡಿತು. ಅಜ್ಜಿಗೆ ಅಕ್ಕನ ರೈಲು ಮುಂದಕ್ಕೆ ಮುಂದಕ್ಕೆ ಹೋಗೋದು ಕಾಣಿಸಿತು.

"ಏಳಪ್ಪ," ಅಂದಳು ಅಜ್ಜಿ. "ಇನ್ನು ನಿನಗೆ ಸುಳ್ಳು ಅನ್ನಲ್ಲ."

ಮುಳ್ಳು ನಡುಗಿತು. ಒಂಚೂರು ಎದ್ದಿತು. ನಿಂತಿತು. ಇನ್ನೊಂಚೂರು ಎದ್ದಿತು. ಆಮೇಲೆ ಸರಸರ ಸರಸರ ಏರಿತು. ನೆಟ್ಟಗೆ ನಿಂತು ತುಂಬಿದೆ ಅಂತು.

ಮುಳ್ಳು ಎದ್ದಿತಾ? ಕಾರು ಬು ಅಂತು. ಬುರ್ ಅಂತು. ಬುರ್‍ರ್ ಅಂತು. ಬುರ್‍ರ್‍ರ್ ಅಂತ ಹೊರಟೇಬಿಟ್ಟಿತು. ಕೆರೆ ಏರಿ ಮೇಲೆ ಗುಡಾಣ ಓಡಿತು. ಆಚೆಯಿಂದ ರೈಲು ಕೂ ಅಂತು. ಈಚೆಯಿಂದ ಗುಡಾಣ ಪೋಂ ಅಂತು. ಕೂ, ಪೋಂ. ಕೂ, ಪೋಂ. ಇಬ್ಬರೂ ಒಟ್ಟಿಗೇ ಸ್ಟೇಷನ್ ಮುಟ್ಟಿದರು.

ಹೊನ್ನಕ್ಕ ಸೀಟಿನಿಂದ ಎದ್ದಿರಲಿಲ್ಲ. ಕಿಟಕಿಯಿಂದ ಕತ್ತು ಚಾಚಿ ಹೊರಗೆ ನೋಡಿದಳು. ಕಪ್ಪೆಗಣ್ಣು ಕಾಣಿಸಿತು. ಆನೆಗಿವಿ ಕಾಣಿಸಿತು. ಗುಡಾಣದ ಹೊಟ್ಟೆ ಕಾಣಿಸಿತು. ತನ್ನ ವಯಸ್ಸೇ ಮರೆತು ಹೊನ್ನಕ್ಕ ದಡದಡ ಇಳಿದು ಬಂದಳು. ದೇವೀರಜ್ಜಿಯ ಎರಡೂ ಕೆನ್ನೆ ಹಿಡಿದಳು. ಆಮೇಲೆ ಕಾರಿನ ಬಾಗಿಲು ತೆಗೆದು, ಮದುಮಗಳ ಹಾಗೆ ಸೆರಗು ಹೊದ್ದು, ಮುಂದಿನ ಸೀಟಿನಲ್ಲಿ ಕೂತಳು.

ಗುಡಾಣ ವಾಪಸ್ಸು ಬಂತು. ಗ್ಯಾರೇಜಿನ ಮುಂದೆ ಎಲ್ಲರೂ ಕಾದು ನಿಂತಿದ್ದರು. ಫಕ್ರು ಮೇಸ್ತ್ರಿ ಕೈ ಬೀಸಿದ. ಗಂಗಯ್ಯ ಬಲೆ ಬೀಸಿದ. ರುದ್ರಮ್ಮ ಹಸಿರು ಸೀರೆ ಬೀಸಿದಳು. ಸುಬ್ಬರಾಯರು ಖಾಲಿ ತಂಬಿಗೆ ಬೀಸಿದರು. ಬೋರಣ್ಣ ಪೇಟ ಬೀಸಿದ. ಸುಂದರಿ ಬಾಲ ಬೀಸಿತು. ಪಾಪು ಲಟಲಟ ಅಂತು.

ಅಜ್ಜಿ ಗುಡ್ಡದ ದಾರಿಗೆ ತಿರುಗಿಸಲು ಹೋದಳು. ಹೊನ್ನಕ್ಕ ಗುಂಡು ಗಾಜಿನ ಕಡೆ ಬಗ್ಗಿ ನೋಡಿದಳು. ಮುಳ್ಳು ಕೆಳಗೆ ಇಳಿದಿತ್ತು. ಅರ್ಧದಲ್ಲಿ ನಿಂತಿತ್ತು.

"ಇನ್ನೂ ಅರ್ಧ ಇದೆಯಲ್ಲೇ ದೇವೀರಿ," ಅಂದಳು ಹೊನ್ನಕ್ಕ. "ಮನೆಗೆ ಏನವಸರ? ಕೆರೆ ಸುತ್ತ ಇನ್ನೊಂದು ಸಲ ಹೋಗಿಬರೋಣ."

ದೇವೀರಜ್ಜಿ ಮುಳ್ಳು ನೋಡಿದಳು. ಮುಳ್ಳು ಹೌದು, ಅರ್ಧ ಇದೆ ಅಂತು. ಅಜ್ಜಿ ನಂಬಿದಳು.

ಗುಡಾಣ ಕೆರೆ ಸುತ್ತಿತು. ಮೇಸ್ತ್ರಿ ಕೈ ಬೀಸಿದ, ಗಂಗಯ್ಯ ಬಲೆ ಬೀಸಿದ, ರುದ್ರಮ್ಮ ಸೀರೆ ಬೀಸಿದಳು, ಸುಬ್ಬರಾಯರು ತಂಬಿಗೆ ಬೀಸಿದರು, ಬೋರಣ್ಣ ಪೇಟ ಬೀಸಿದ, ಸುಂದರಿ ಬಾಲ ಬೀಸಿತು, ಪಾಪು ಲಟಲಟ ಅಂತು. ಹೊನ್ನಕ್ಕ ಮುಳ್ಳು ನೋಡಿದಳು. ಇನ್ನೂ ಇದೆ, ಇನ್ನೊಂದು ಸುತ್ತು ಅಂದಳು.

ಗುಡಾಣ ಮತ್ತೆ ಸುತ್ತಿತು. ಅಕ್ಕ ತಂಗಿ ಇಬ್ಬರ ನಗು ಕೆರೆಯ ಆಚೆ ದಡಕ್ಕೂ ಕೇಳಿಸಿತು.

ಕತ್ತಲಾಗುವ ಮೊದಲು ಮುಳ್ಳು ಸ್ವಲ್ಪ ಸ್ವಲ್ಪವೇ ಮಲಗುತ್ತಾ ಬಂತು. ಸಾಕು, ಇನ್ನು ಮನೆಗೆ ಹೋಗಿ ಅಂತು. ಅಕ್ಕ ತಂಗಿ ಅದರ ಮಾತು ಕೇಳಿದರು. ಗುಡ್ಡ ಹತ್ತಿ ಮನೆಗೆ ಹೋಗಿ ಬಿಸಿ ಅನ್ನ ಉಂಡರು. ನೀವೂ ಏಳಿ, ಕೈ ತೊಳ್ಕೊಂಡು ಬನ್ನಿ.